ಚಳಿಗಾಲದಾಗ ಹಿನ್ನೀರಿಗೆ ಗಾಳ ಹಾಕೋರಿಗೆ, ಐಸ್ ಫಿಶಿಂಗ್ ಮಂದಿಯಿಂದ ಕಲಿಯೋವು ಒಂದಿಷ್ಟು

ದೀಪಾವಳಿ ಮುಗೀತು ಅಂದ್ರ ಸಾಕು, ನಮ್ ಕಡೆ ಗಾಳ ಹಾಕೋ ಮಂದ್ಯಾಗ ಅರ್ಧಕ್ಕರ್ಧ ಜನ ಕಡ್ಡಿ ಸುತ್ತಿ ಮೂಲಿಗೆ ನಿಂದರಿಸಿಬಿಡ್ತಾರ, ಯಾಕ್ರೀ ಅಂದ್ರ "ಚಳಿಗೆ ಮೀನು ಕಚ್ಚಂಗಿಲ್ಲ ಬಿಡ್ರಿ" ಅಂತಾರ. ಅದು ಅರ್ಧ ಅಷ್ಟೇ ಖರೆ. ಮೀನು ಎಲ್ಲೂ ಓಡಿ ಹೋಗಿರಂಗಿಲ್ಲ, ಅಲ್ಲೇ ಅದಾವ, ಆದ್ರ ಮಳಿಗಾಲ ಮುಗಿಯೋ ಹೊತ್ತಿಗೆ ಎದ್ದು ಬಿದ್ದು ತಿಂತಿದ್ವಲ್ಲ ಹಂಗ ತಿನ್ನಂಗಿಲ್ಲ. ನಾವು ಮಾತ್ರ ಸೆಪ್ಟೆಂಬರ್‌ದಾಗ ಹಾಕಿದ ಅದೇ ದಪ್ಪ ದಾರ, ಅದೇ ನಿಂಬಿಕಾಯಿ ಗಾತ್ರದ ಹಿಟ್ಟಿನ ಉಂಡಿ ಹಿಡ್ಕೊಂಡು ಹೋಗಿ ಕುಂತ್ರ ಸಂಜಿತನ ಬೆಂಡು (ದಾರಕ್ಕ ಕಟ್ಟಿದ ತೇಲೋ ತುಂಡು) ಅಲುಗಾಡಂಗಿಲ್ಲ, ಆಮ್ಯಾಲೆ ಬೈಗುಳ ಮಾತ್ರ ಚಳಿಗೆ.

ಇದನ್ನ ಎಲ್ಲರಿಗಿಂತ ಚೊಲೋ ತಿಳ್ಕೊಂಡೋರು ಐಸ್ ಫಿಶಿಂಗ್ ಮಾಡೋ ಮಂದಿ. ಫಿನ್ಲೆಂಡ್, ಕೆನಡಾ, ರಷ್ಯಾ, ಅಮೆರಿಕಾದ ಮಿನ್ನೆಸೋಟ ಕಡೆ ಕೆರಿ ಪೂರ್ತಿ ಮಂಜುಗಡ್ಡಿ ಕಟ್ಟಿದ ಮ್ಯಾಲೆ ದೊಡ್ಡ ಬೈರಿಗಿ ಹಾಕಿ ತೂತು ಕೊರದು, ಎರಡು ಮೂರು ಅಡಿ ಕಡ್ಡಿ ಹಿಡ್ಕೊಂಡು ತೂತಿನ ಬಾಜೂ ಕುಂದರ್ತಾರಲ್ಲ, ಅವ್ರು. ಆ ವಿಡಿಯೋ ನೋಡಿ ನಮ್ ಹುಡುಗ್ರು ನಗ್ತಾರ, ಬಳ್ಳಾರಿಗೆ ಇರೋದೇ ಎರಡು ಕಾಲ, ಬ್ಯಾಸಿಗಿ ಮತ್ತ ಕಡು ಬ್ಯಾಸಿಗಿ, ನಮಗ್ಯಾಕ ಈ ಐಸ್ ಉಸಾಬರಿ ಅಂತ. ನಗೋದು ಬರೋಬ್ಬರಿ ಐತಿ, ಆದ್ರ ಅವ್ರು ಮಾಡೋದು ಒಂದೇ ಕೆಲಸ ನೋಡ್ರಿ, ಮೀನು ನಿಧಾನ ಆದಂಗ ತಾವೂ ಎಲ್ಲಾ ಕಮ್ಮಿ ಮಾಡ್ಕೊಂತ ಹೋಗ್ತಾರ: ದಾರ ಸಣ್ಣ, ಹುಕ್ಕು ಸಣ್ಣ, ಎರೆ (ಹುಕ್ಕಿಗೆ ಸಿಗಿಸೋ ತಿನಿಸು) ಸಣ್ಣ, ಕೈ ಆಡಿಸೋದು ಕಮ್ಮಿ, ಸಪ್ಪಳ ಕಮ್ಮಿ. ಹೊಸಪೇಟೆ ಹತ್ರದ ಟಿಬಿ (ತುಂಗಭದ್ರಾ) ಡ್ಯಾಂ ಹಿನ್ನೀರಿಗೆ, ನಮ್ಮೂರ ಕೆರಿಗಳಿಗೆ ಡಿಸೆಂಬರ್ ಜನವರಿದಾಗ ಬೇಕಾಗಿರೋದು ಅಷ್ಟೇ. ಹಂಗಂತ ಪೂರಾ ಕಾಪಿ ಹೊಡದ್ರ ಕೆಡ್ತದ, ಎಲ್ಲಿ ಕೆಡ್ತದ ಅನ್ನೋದನ್ನೂ ಹೇಳ್ತೀನಿ.

ಎಷ್ಟೊತ್ತಿಗೆ ಹೋಗ್ಬೇಕು

ಮೀನಿನ ಮೈ ಬಿಸಿ ಅಂದ್ರ ಅದು ಇರೋ ನೀರಿನ ಬಿಸಿ ಎಷ್ಟೋ ಅಷ್ಟೇ, ನಮ್ಮಂಗ ಒಳಗ ಬೆಚ್ಚಗ ಇಟ್ಕೊಳ್ಳೋ ವ್ಯವಸ್ಥಾ ಅದಕ್ಕಿಲ್ಲ. ನೀರು ತಣ್ಣಗಾತು ಅಂದ್ರ ತಿಂದದ್ದು ಕರಗೋದು ನಿಧಾನ, ಹಸಿವು ಕಮ್ಮಿ, ಓಡಾಟ ಕಮ್ಮಿ. ಐಸ್ ಕೆರಿದಾಗ ಏನಾಗ್ತದ ಅಂದ್ರ, ನೀರು 4 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಭಾಳ ಭಾರ, ಅದಕ್ಕಿಂತ ತಣ್ಣಗಾದ್ರ ಮತ್ತ ಹಗುರಾಗಿ ಮ್ಯಾಲೆ ಬರ್ತದ, ಹಂಗಾಗಿ ಗಡ್ಡಿ ಮ್ಯಾಲೆ ತೇಲ್ತದ ತಳದಾಗ 4 ಡಿಗ್ರಿ ನೀರು ಉಳೀತದ. ಅಲ್ಲಿ ಮೀನಿಗೆ ಬೆಚ್ಚನ ಜಾಗ ಅಂದ್ರ ತಳ.

ನಮ್ಮಲ್ಲಿ ಉಲ್ಟಾ. ಇಲ್ಲಿ ನೀರು 4 ಡಿಗ್ರಿ ಹತ್ರಾನೂ ಸುಳಿಯಂಗಿಲ್ಲ, ಬೆಳಗಿನ ಜಾವ ಗಾಳಿ 15 ಡಿಗ್ರಿ ಆಸುಪಾಸಿಗೆ ಇಳಿದ್ರ ಅದೇ ದೊಡ್ಡ ಚಳಿ. ರಾತ್ರಿ ಮ್ಯಾಲಿನ ನೀರು ಆರಿ ಭಾರಾಗಿ ಕೆಳಗ ಇಳೀತದ, ಹಗಲು ಬಿಸಿಲು ಬಿದ್ದ ಮ್ಯಾಲೆ ಮ್ಯಾಲಿನ ಮೂರ್ನಾಕು ಅಡಿ ಮತ್ತ ಕಾಯ್ತದ. ಅಂದ್ರ ಮಧ್ಯಾಹ್ನಕ್ಕ ನಮ್ಮಲ್ಲಿ ಬೆಚ್ಚನ ಜಾಗ ದಂಡಿ ಕಡೆ, ತೆಳ್ಳನ ನೀರಾಗ. ಅದಕ್ಕ ಐಸ್ ವಿಡಿಯೋ ನೋಡಿ "ತಳಕ್ಕ ಬಿಡು ತಳಕ್ಕ ಬಿಡು" ಅಂತ ಇಡೀ ದಿನ ತಳದಾಗ ಬಿಟ್ಕೊಂಡು ಕುಂದರಬ್ಯಾಡ್ರಿ.

ಬೆಳಗ್ಗೆ ಐದಕ್ಕ ಎದ್ದು ಮಂಕಿ ಕ್ಯಾಪ್ ಹಾಕ್ಕೊಂಡು ಗಾಡಿ ಓಡಿಸ್ಕೊಂಡು ಹೋಗೋ ಚಟ ಬ್ಯಾಸಿಗಿಗೆ ಸರಿ, ಡಿಸೆಂಬರ್‌ಗೆ ಅಲ್ಲ. ಆರಾಮಾಗಿ ಏಳ್ರಿ, ಒಗ್ಗರಣಿ ಮಿರ್ಚಿ ತಿನ್ರಿ, ಚಾ ಕುಡೀರಿ, ಹತ್ತು ಹತ್ತೂವರಿಗೆ ದಂಡಿ ಮುಟ್ಟಿದ್ರ ಸಾಕು. ಹನ್ನೊಂದರಿಂದ ನಾಕರ ತನ ಚೊಲೋ ಟೈಮು, ಅದರಾಗೂ ಒಂದರ ಮ್ಯಾಲೆ. ಇನ್ನೊಂದು ಕಾರಣ ಐತಿ ಇದಕ್ಕ, ಮಳಿ ನಿಂತ ಮ್ಯಾಲೆ ಕೆಲವು ವರ್ಷ ಹಿನ್ನೀರು ಹಸಿರು ಬಣ್ಣಕ್ಕ ತಿರುಗ್ತದಲ್ಲ, ಆ ಪಾಚಿ ಹಗಲೆಲ್ಲಾ ಆಕ್ಸಿಜನ್ ಬಿಡ್ತದ, ರಾತ್ರಿ ಅದೇ ಎಳ್ಕೊಂತದ, ಹಂಗಾಗಿ ಹೊತ್ತು ಮೂಡೋ ಟೈಮಿಗೆ ನೀರಾಗ ಆಕ್ಸಿಜನ್ ಎಲ್ಲಕ್ಕಿಂತ ಕಮ್ಮಿ ಇರ್ತದ. ಉಸಿರಾಟಕ್ಕೇ ಒದ್ದಾಡೋ ಮೀನಿಗೆ ನಿಮ್ಮ ಹಿಟ್ಟು ಯಾಕ ಬೇಕಾದೀತು.

ಒಂದು ದಿನ ಬಿಸಿಲು ಒಂದು ದಿನ ಮೋಡ ಅನ್ನಂಗ ಇದ್ರ ಬಿಸಿಲಿನ ಎರಡನೇ ದಿನ ಹೋಗ್ರಿ. ಬಂಗಾಳ ಕೊಲ್ಲಿದಾಗ ಸೈಕ್ಲೋನ್ ಎದ್ದು ನಮ್ ಕಡೆ ಜಿಟಿಜಿಟಿ ಹಿಡಿದಾಗ ಮನಿದಾಗ ಇರೋದೇ ಲೇಸು.

ಜಾಗ ಹುಡುಕೋದು, ಅದೇ ಅರ್ಧ ಕೆಲಸ

ಡ್ಯಾಂ ಮುಗಿದಿದ್ದು 1953ರಾಗ, ಆವಾಗ 133 ಟಿಎಂಸಿ ಹಿಡೀತಿತ್ತು, ಹೂಳು ತುಂಬಿ ತುಂಬಿ ಈಗ 105ರ ಸುತ್ತಮುತ್ತ ಬಂದು ನಿಂತೈತಿ. ರೈತರಿಗೆ ಇದು ಹೊಟ್ಟಿ ಉರಿಯೋ ವಿಷಯ, ಗಾಳದೋರಿಗೆ ಇದ್ರಾಗ ಒಂದು ಸುಳಿವು ಐತಿ. ಹಿನ್ನೀರಿನ ತಳ ಭಾಳ ಕಡೆ ತಾಟಿನಂಗ ಸಪಾಟಾಗೈತಿ, ಅಂಥಾ ಸಪಾಟು ಜಾಗದಾಗ ಚಳಿಗೆ ಮೀನು ನಿಂದ್ರಂಗಿಲ್ಲ. ಅವು ನಿಂದ್ರೋದು ಏರಿಳಿತ ಇದ್ದಲ್ಲಿ, ಹಳೇ ಹಳ್ಳ ಹರಿದ ಗೆರಿ, ಮುಳುಗಿದ ಹೊಲದ ಬದು, ಹಳೇ ರಸ್ತಾದ ಏರಿ, ಬಂಡಿಗಲ್ಲು ಬಿದ್ದ ಜಾಗ. ಬೆಳಗ್ಗೆ ಆಳದಾಗ ಇದ್ದು ಬಿಸಿಲು ಏರಿದಂಗ ಆ ಏಣಿನ ಮ್ಯಾಲೆ ಹತ್ತಿ ಬರ್ತಾವ, ಸಂಜಿಗೆ ಮತ್ತ ಇಳೀತಾವ. ನೀವು ಕುಂದರಬೇಕಾಗಿರೋದು ಆಳ ಮತ್ತ ತೆಳ್ಳನ ನೀರು ಕೂಡೋ ಆ ಅಂಚಿಗೆ.

ಈ ಅಂಚು ಹುಡುಕೋಕ ಐಸ್ ಮಂದಿ ಸೋನಾರ್ (ನೀರಾಗ ಸಪ್ಪಳದ ಅಲಿ ಬಿಟ್ಟು ಆಳ ತೋರಿಸೋ) ಮಶೀನ್ ಇಟ್ಕೊಂಡಿರ್ತಾರ, ಒಂದೇ ಕಡೆ ಕುಂದರಂಗಿಲ್ಲ, ಸಾಲಾಗಿ ಹತ್ತಾರು ತೂತು ಕೊರದು ಒಂದೊಂದ್ರಾಗೂ ಆಳ ನೋಡಿ ಮುಂದ ಹೋಗ್ತಾರ. ನಮಗ ಒಂದು ಸೀಸದ ಗುಂಡು ಸಾಕು. ಬ್ಯಾಸಿಗಿದಾಗ ಹೋಗಿ ಖಾಲಿ ಹಿನ್ನೀರಿನ ಫೋಟೋ ತಕ್ಕೊಂಡು ಬರೋದು ಎಲ್ಲಕ್ಕಿಂತ ಸುಲಭ ಉಪಾಯ, ಏಪ್ರಿಲ್ ಮೇದಾಗ ನೀರು ಇಳಿದಾಗ ಹಳ್ಳ ಎಲ್ಲಿ, ಬದು ಎಲ್ಲಿ, ಮರದ ಬೊಡ್ಡಿ ಎಲ್ಲಿ ಎಲ್ಲಾ ಬೆತ್ತಲೆ ಕಾಣ್ತದ, ಮೊಬೈಲ್ ಮ್ಯಾಪ್‌ದಾಗ ಪಿನ್ ಹಾಕಿ ಇಟ್ಕೋರಿ, ಡಿಸೆಂಬರ್‌ದಾಗ ಅದೇ ನಿಮ್ಮ ಸೋನಾರ್. ಅದು ಮಾಡಿಲ್ಲಾಂದ್ರ ಆಳ ಅಳೀಬೇಕು. ಹುಕ್ಕಿಗೆ ಒಂದು ಭಾರದ ಸೀಸ ಸಿಗಿಸಿ ಬೆಂಡನ್ನ ಅಂದಾಜಿಗೆ ಮೂರು ಅಡಿ ಮ್ಯಾಲೆ ಇಟ್ಟು ಒಗೀರಿ, ಬೆಂಡು ಮುಳುಗಿಹೋದ್ರ ನೀರು ಅದಕ್ಕಿಂತ ಆಳ, ಅರ್ಧ ಅಡಿ ಮ್ಯಾಲೆ ಸರಿಸಿ ಮತ್ತ ಒಗೀರಿ, ಬೆಂಡಿನ ತುದಿ ಅಷ್ಟೇ ಕಾಣೋ ಮಟ್ಟಕ್ಕ ಬಂದ್ರ ಅದೇ ಅಲ್ಲಿನ ಆಳ. ಹಿಂಗ ಬಲಕ್ಕ ಎಡಕ್ಕ ದೂರಕ್ಕ ಹತ್ರಕ್ಕ ಒಗದು ನೋಡಿದ್ರ ಅರ್ಧ ತಾಸಿನಾಗ ತಳದ ನಕ್ಷಾ ತಲಿದಾಗ ಕುಂದರ್ತದ. ಆ ಅರ್ಧ ತಾಸು ವೇಸ್ಟ್ ಅನ್ಕೊಳ್ಳೋರೇ ಜಾಸ್ತಿ, ಅವ್ರೇ ಸಂಜಿಗೆ ಖಾಲಿ ಚೀಲ ತಗೊಂಡು ಹೋಗೋರೂ.

ಇನ್ನೊಂದು, ಕೊಪ್ಪಳ ಕಡೆ ದಂಡಿ ಮೂಡಣ ತೆಂಕಣ ದಿಕ್ಕಿಗೆ ಮಖ ಮಾಡೈತಿ, ಚಳಿಗಾಲದ ಬಿಸಿಲು ಅಲ್ಲಿ ಬೇಗ ಬೀಳ್ತದ. ಅದರಾಗೂ ಮೂಡಗಾಳಿ ನೇರ ಹೊಡೀದಂಗ ಒಳಗ ಸೇರಿರೋ ಮೂಲಿ ಸಿಕ್ರ ಬಿಡಬ್ಯಾಡ್ರಿ.

ನೀರಿನ ಮಟ್ಟದ ಮ್ಯಾಲೂ ಕಣ್ಣಿರಲಿ. 2024ರ ಆಗಸ್ಟ್‌ದಾಗ 19ನೇ ಗೇಟು ಕೊಚ್ಕೊಂಡು ಹೋದಾಗ ಗೊತ್ತಾತಲ್ಲ ಎಲ್ಲಾರಿಗೂ, ಈ ನೀರು ಎಷ್ಟು ಜಲ್ದಿ ಇಳೀತದ ಅಂತ. ಅಂಥಾದ್ದು ದಿನಾ ಆಗಂಗಿಲ್ಲ ಖರೆ, ಆದ್ರ ನಾಲಿಗಳಿಗೆ (ಕಾಲುವಿಗೆ) ನೀರು ಜೋರು ಬಿಟ್ರಂದ್ರ ಹಿನ್ನೀರು ದಿನಕ್ಕಿಷ್ಟು ಅಂತ ಇಳೀತಾನೇ ಇರ್ತದ, ಇಳಿಯೋವಾಗ ಮೀನು ತೆಳ್ಳನ ನೀರು ನಂಬಂಗಿಲ್ಲ, ಹಿಂದಕ್ಕ ಸರೀತಾವ. ಹೋದ ವಾರ ಕಚ್ಚಿದ ಜಾಗದಾಗ ಈ ವಾರ ಕುಂತು ಪ್ರಯೋಜನ ಇಲ್ಲ, ನೀರಿನ ಜೊತಿ ನೀವೂ ಸರೀರಿ.

ಸಾಮಾನು

ದೊಡ್ಡ ದುಡ್ಡು ಬ್ಯಾಡ. ಆನ್‌ಲೈನ್‌ದಾಗ ಸಿಗೋ ಏಳೆಂಟು ಅಡಿ ಮಾಮೂಲಿ ರಾಡು ರೀಲು ಸಾಕು, ಬಿದಿರು ಕಡ್ಡಿನೂ ನಡೀತದ. ಫರಕು ಇರೋದು ದಾರ ಮತ್ತ ಹುಕ್ಕಿನಾಗ. ನಮ್ಮೋರು 0.40, 0.50 ಎಂಎಂ ತಂಗೂಸಿ ಹಾಕ್ತಾರ, ಬಾಳೆ ಮೀನು ಬಂದ್ರ ಇರಲಿ ಅಂತ. ಚಳಿಗಾಲದಾಗ ನೀರು ತಿಳಿಯಾಗಿರ್ತದ, ಮೀನಿಗೆ ಯೋಚನಾ ಮಾಡೋಕ ಟೈಮ್ ಭಾಳ ಇರ್ತದ, ಹಗ್ಗದಂಥಾ ದಾರ ಕಂಡ್ರ ಮುಟ್ಟಂಗಿಲ್ಲ. 0.20ರಿಂದ 0.25 ಎಂಎಂ ಹಾಕ್ರಿ. ಕಿತ್ತು ಹೋಗ್ತದ ಅನ್ನೋ ಭಯ ಇದ್ರ ರೀಲಿನ ಡ್ರ್ಯಾಗ್ (ಮೀನು ಜಗ್ಗಿದಾಗ ದಾರ ಬಿಡೋ ಬಿಗಿ) ಸಡಿಲ ಇಡೋದು ಕಲೀರಿ, ದಾರ ಎಷ್ಟು ಕೆಜಿ ತಡೀತದೋ ಅದರ ಕಾಲು ಭಾಗಕ್ಕ ಡ್ರ್ಯಾಗ್ ಬಿಡಂಗ ಇರ್ಬೇಕು. ಮನಿದಾಗ ಬಕೇಟಿಗೆ ಕಟ್ಟಿ ಎಳದು ನೋಡ್ಕೊಂಡು ಹೋಗ್ರಿ. ಹುಕ್ಕು 8 ಅಥವಾ 10 ನಂಬರ್, ನಂಬರ್ ದೊಡ್ಡದಾದಷ್ಟೂ ಹುಕ್ಕು ಸಣ್ಣದು ಅನ್ನೋದು ಹೊಸಬರು ಮರೀಬಾರದು, ಅಂಗಡ್ಯಾಗ 2 ನಂಬರ್ ತಂದು ಇದ್ಯಾಕಪಾ ಇಷ್ಟು ದೊಡ್ಡದು ಅನ್ನೋರು ಇನ್ನೂ ಅದಾರ.

ಬೆಂಡಿನ ವಿಷಯ ಸ್ವಲ್ಪ ಜಾಸ್ತಿ ಹೇಳ್ತೀನಿ. ಥರ್ಮಾಕೋಲ್ ಉಂಡಿ, ಚಪ್ಪಲಿ ರಬ್ಬರ್ ತುಂಡು ಇವು ಬ್ಯಾಸಿಗಿಗೆ ಸರಿ, ಚಳಿಗೆ ಬ್ಯಾಡ. ಅಷ್ಟು ದಪ್ಪ ಬೆಂಡು ಕೆಳಗ ಎಳೀಬೇಕಂದ್ರ ಮೀನಿಗೆ ಜೋರು ಬೇಕು, ಚಳಿಗೆ ಅದು ಜೋರು ಮಾಡಂಗಿಲ್ಲ, ಭಾರ ಗೊತ್ತಾದ ಕೂಡ್ಲೇ ಉಗುಳ್ತದ. ಜೋಳದ ದಂಟು ಒಣಗಿದ್ದು ತಂದು ಸಿಪ್ಪಿ ಸುಲಿದ್ರ ಒಳಗ ಬಿಳಿ ಬೆಂಡು ಸಿಗ್ತದಲ್ಲ, ಅದನ್ನ ಬೆರಳುದ್ದ ಕೊಯ್ದು ಪೆನ್ಸಿಲ್‌ಗಿಂತ ಸಣ್ಣಗ ತೀಡಿ, ತುದಿಗೆ ಕೆಂಪು ನೇಲ್ ಪಾಲಿಶ್, ಮೈಗೆಲ್ಲಾ ಎರಡು ಕೋಟ್ ಬಣ್ಣಿಲ್ಲದ ನೇಲ್ ಪಾಲಿಶ್ ಹಚ್ಚಿ ಆರಿಸ್ರಿ, ಹಚ್ಚಲಿಲ್ಲ ಅಂದ್ರ ನೀರು ಕುಡದು ಒಂದು ತಾಸಿಗೆ ಮುಳುಗ್ತದ. ಕೆಳಗ ಸಣ್ಣ ಸೀಸದ ಗುಂಡು ಒಂದೊಂದೇ ಹಾಕ್ಕೊಂತ ಹೋಗಿ ನೀರಿನ ಮ್ಯಾಲೆ ಆ ಕೆಂಪು ತುದಿ ಅಕ್ಕಿ ಕಾಳಿನಷ್ಟು ಉಳಿಯಂಗ ಮಾಡ್ರಿ. ಇಷ್ಟು ಸೂಕ್ಷ್ಮ ಇದ್ರ ಮೀನು ಉಸಿರಾಡಿದ್ರೂ ಗೊತ್ತಾಗ್ತದ.

ಎರೆ

ಬ್ಯಾಸಿಗಿ ಮಳಿಗಾಲದಾಗ ಕೆಜಿಗಟ್ಲೆ ಹಿಂಡಿ ತೌಡು ಚೆಲ್ಲಿ ಮೀನು ಕೂಡಿಸೋದು ನಡೀತದ. ಚಳಿಗೆ ಅದನ್ನೇ ಮಾಡಿದ್ರ ಮೀನು ನಿಮ್ಮ ಹಿಂಡಿ ನಾಕು ಬಾಯಿ ತಿಂದು ಹೊಟ್ಟಿ ತುಂಬ್ತು ಅಂತ ಹೋಗ್ತದ, ಕರಗೋದೇ ನಿಧಾನ ಅಂದ್ನಲ್ಲ. ಒಂದು ಹಿಡಿ ಸಾಕು, ಅದೂ ಪುಡಿ. ಗಂಗಾವತಿ ಕಡೆ ರೈಸ್ ಮಿಲ್ಲಿನ ತೌಡು ಎಲ್ಲಾ ಕಡೆ ಸಿಗ್ತದ, ಅದನ್ನ ಜರಡಿ ಹಿಡದು ನೀರು ಚಿಮುಕಿಸಿ ಮುದ್ದಿ ಆಗಂಗ ಅಲ್ಲ, ಹಿಡಿದ್ರ ನಿಲ್ಲೋ ಮುಟ್ಟಿದ್ರ ಉದುರೋ ಹದಕ್ಕ ಮಾಡಿ ಲಿಂಬಿಕಾಯಿ ಗಾತ್ರದ್ದು ಒಂದೆರಡು ಒಗದ್ರ ನೀರಾಗ ಮೋಡದಂಗ ಹರಡ್ತದ, ವಾಸನಿ ಹೋಗ್ತದ, ಹೊಟ್ಟಿ ತುಂಬಂಗಿಲ್ಲ. ಮತ್ತ ಒಗೀಬೇಕಂದ್ರ ಒಂದು ತಾಸು ಬಿಡ್ರಿ.

ಹುಕ್ಕಿಗೆ ಹಾಕೋ ಹಿಟ್ಟಿಗೆ ಎರಡು ಭಾಗ ಗೋಧಿ ಹಿಟ್ಟು, ಒಂದು ಭಾಗ ಶೇಂಗಾ ಹಿಂಡಿ ನುಣ್ಣಗ ಕುಟ್ಟಿದ್ದು, ಒಂದು ಚೂರು ಬೆಲ್ಲ. ರಾತ್ರಿನೇ ಕಲಸಿ ಮುಚ್ಚಿ ಇಟ್ರ ಬೆಳಗ್ಗೆ ಸ್ವಲ್ಪ ಹುಳಿ ವಾಸನಿ ಬಂದಿರ್ತದ, ಅದು ಬೇಕು. ಉಂಡಿ ಕಡಲಿ ಕಾಳಿನಷ್ಟು, ಅದಕ್ಕಿಂತ ದೊಡ್ಡದು ಬ್ಯಾಡ. ಎರೆಹುಳ ಆದ್ರ ಇಡೀದು ಪೋಣಿಸಬ್ಯಾಡ್ರಿ, ಅರ್ಧ ಹರದು ತುದಿ ಅಲ್ಲಾಡಂಗ ಬಿಡ್ರಿ. ಸಿಂಧನೂರು ಆರ್‌ಎಚ್ ಕ್ಯಾಂಪಿನ (ನಿರಾಶ್ರಿತರಿಗೆ ಅಂತ ಮಾಡಿದ ಊರಿನ) ಬಂಗಾಲಿ ಮಂದಿ ಹತ್ರ ಯಾವತ್ತಾದ್ರೂ ಕುಂತು ಮಾತಾಡ್ರಿ, ಗೆಂಡಿ ರೋಹು ಮೀನಿಗೆ ಹಿಟ್ಟು ಕಲಸೋದ್ರಾಗ ಅವ್ರನ್ನ ಮೀರಿಸೋರು ನಮ್ ಕಡೆ ನಾ ಅಂತೂ ಕಂಡಿಲ್ಲ, ಆದ್ರ ಕಲಸೋದು ತೋರಿಸ್ತಾರ, ಒಳಗ ಏನು ಹಾಕಿದ್ರು ಅಂತ ಹೇಳಂಗಿಲ್ಲ.

ಯಾವ ಮೀನು ಅನ್ನೋದೂ ತಿಳ್ಕೋಬೇಕು. ಚಳಿಗೆ ಎಲ್ಲಕ್ಕಿಂತ ಚೊಲೋ ಕಚ್ಚೋದು ಸಾಮಾನ್ಯ ಗೆಂಡಿ (ಕಾಮನ್ ಕಾರ್ಪ್), ಅದು ಮೂಲದಾಗ ತಣ್ಣನ ನೀರಿನ ದೇಶಗಳಿಂದ ಬಂದದ್ದು, ತಳದಾಗ ಮಣ್ಣು ಕೆದರಿ ತಿಂತದ. ಮೃಗಾಲ್ ಕೂಡ ತಳದ್ದೇ. ರೋಹು ನಡುವಿನ ನೀರಾಗ, ಕಾಟ್ಲಾ ಮ್ಯಾಲೆ ಮ್ಯಾಲೆ, ಬಿಸಿಲು ಜೋರಿದ್ದ ಮಧ್ಯಾಹ್ನ ಬಿಟ್ರ ಅವೆರಡೂ ಜಿಗುಟು. ಜಿಲೇಬಿ ಮೀನು (ತಿಲಾಪಿಯಾ) ಆಫ್ರಿಕಾದ್ದು, ಚಳಿ ಅಂದ್ರ ಆಗಂಗಿಲ್ಲ ಅದಕ್ಕ, ಮಧ್ಯಾಹ್ನ ಒಂದರ ಮ್ಯಾಲೆ ತೆಳ್ಳನ ನೀರಾಗ ಹುಳ ಹಾಕಿ ನೋಡ್ರಿ.

ಬೆಂಡು ನೋಡೋ ಕಣ್ಣು

ಗೆಂಡಿ ಚಳಿಗೆ ಹೆಂಗ ತಿಂತದ ಅಂತ ಸ್ವಲ್ಪ ಕಣ್ಮುಂದ ತಂದ್ಕೋರಿ. ತಳದಾಗ ಮಖ ಕೆಳಗ ಮಾಡಿ ಬಾಯಿ ಮುಂದಕ್ಕ ಚಾಚಿ ಉಂಡಿನ ಮಣ್ಣು ಸಮೇತ ಎಳ್ಕೊಂತದ, ಅಲ್ಲೇ ನಿಂತು ಮಣ್ಣು ಉಗುಳ್ತದ, ರುಚಿ ಬಂದ್ರ ಇಟ್ಕೊಂತದ ಇಲ್ಲಾಂದ್ರ ಅದನ್ನೂ ಉಗುಳ್ತದ. ಓಡಂಗಿಲ್ಲ. ಅದಕ್ಕ ಬೆಂಡು ಮುಳುಗಂಗಿಲ್ಲ. ಆಗೋದೇನಂದ್ರ, ಅಕ್ಕಿ ಕಾಳಿನಷ್ಟಿದ್ದ ಕೆಂಪು ತುದಿ ಒಮ್ಮೆ ನಡುಗ್ತದ, ಸುತ್ತ ಸಣ್ಣ ಬಳಿ ಬಳಿ ಅಲಿ ಏಳ್ತದ, ನಿಲ್ತದ, ಆಮ್ಯಾಲೆ ಬೆಂಡು ಮೆಲ್ಲಕ ಮ್ಯಾಲೆ ಎದ್ದು ಓರಿ ಆಗಿ ಮಲಗ್ತದ. ಅಂದ್ರ ಮೀನು ಉಂಡಿ ಬಾಯಾಗ ಇಟ್ಕೊಂಡು ತಲಿ ಎತ್ತೈತಿ, ಕೆಳಗಿನ ಸೀಸದ ಭಾರ ತಾನೇ ಹೊತ್ಕೊಂಡೈತಿ. ಅದೇ ಟೈಮು. ಇದನ್ನ ನಂಬಬೇಕಂದ್ರ ತಳಕ್ಕ ತಾಗಿದ ಕಡೀ ಗುಂಡು ಹುಕ್ಕಿನಿಂದ ನಾಕು ಬೆರಳು ದೂರ ಇರ್ಬೇಕು.

ಆವಾಗ ಜಗ್ಗಬ್ಯಾಡ್ರಿ, ಎತ್ರಿ. ಮಣಿಕಟ್ಟಿನಿಂದ ಒಂದಡಿ ಎತ್ತಿದ್ರ ಮುಗೀತು, ಸಣ್ಣ ಹುಕ್ಕು ತಾನೇ ತುಟಿಗೆ ಕೂಡ್ತದ. ಮದಲನೇ ನಡುಗಿಗೇ ಕಡ್ಡಿ ಎಳದು ತಲಿ ಹಿಂದ ಒಗಿಯೋರನ್ನ ನೋಡಿ ನಮ್ಮ ಕಡೆ ಬಲಿ ಹಾಕೋ ಒಬ್ಬ ಕಾಕಾ ಅಂತಿದ್ದ, "ತಮ್ಮಾ, ಮೀನು ಇನ್ನೂ ಬಾಯಿ ತೆರದಿಲ್ಲ, ನೀ ಊಟ ಎತ್ಕೊಂಡು ಓಡ್ತಿ." "ಹಂಗಾರ ಎಷ್ಟೊತ್ತು ಬಿಡ್ಲಿ ಕಾಕಾ?" ಅಂದ್ರ "ಎಲಿ ಅಡಿಕಿ ಬಾಯಾಗ ಹಾಕ್ಕೋ, ಅಗದು ಉಗುಳೂತನ ಬಿಡು" ಅಂತ ಬೀಡಿ ಹಚ್ತಿದ್ದ.

ಐಸ್ ಮಂದಿ ಇನ್ನೊಂದು ಮಾಡ್ತಾರ, ಜಿಗ್ಗಿಂಗ್, ಕಡ್ಡಿ ತುದಿ ಎರಡಿಂಚು ಎತ್ತಿ ಬಿಟ್ಟು ಸುಮ್ನ ಹಿಡ್ಕೊಳ್ಳೋದು. ಅಲ್ಲಿ ಮೀನು ಎತ್ತಿದಾಗ ನೋಡ್ತದ, ಸುಮ್ನ ಇದ್ದಾಗ ಕಚ್ತದ. ನಮ್ಮಲ್ಲೂ ಹುಳ ಹಾಕಿದಾಗ ಹತ್ತು ನಿಮಿಷ ಏನೂ ಇಲ್ಲಾಂದ್ರ ಬೆಂಡು ಒಂದು ಗೇಣು ಎಳದು ಬಿಡ್ರಿ, ಹುಳ ತಳದಿಂದ ಎದ್ದು ಮತ್ತ ಕುಂದರೋದನ್ನ ನೋಡಿ ಬರೋ ಮೀನು ಎಷ್ಟೋ. ಹಿಟ್ಟಿಗೆ ಇದು ಬ್ಯಾಡ, ಉದುರ್ತದ. ಅರ್ಧ ತಾಸಿಗೂ ಅಲುಗಾಡಿಲ್ಲಾಂದ್ರ ಜಾಗಾನೇ ಬಿಡ್ರಿ, ಹತ್ತು ಹೆಜ್ಜಿ ಆಚೆ. ಮೀನು ಹುಡುಕ್ಕೊಂಡು ಬರಂಗಿಲ್ಲ ಚಳಿಗೆ, ನೀವೇ ಹೋಗ್ಬೇಕು. ಮತ್ತ ದಂಡಿ ಮ್ಯಾಲೆ ಧಡಧಡ ಓಡಾಡೋದು, ಬೈಕ್ ನೀರಿನ ತನ ತಂದು ನಿಲ್ಸೋದು, ಬ್ಲೂಟೂತ್ ಸ್ಪೀಕರ್, ಇವೆಲ್ಲಾ ನೆಲದಿಂದ ನೀರಿಗೆ ಹೋಗ್ತಾವ, ಮೀನಿಗೆ ಮೈಯೆಲ್ಲಾ ಕಿವಿ ಇದ್ದಂಗ.

ಕಾಲ ಕೆಳಗ ಏನೈತಿ ನೋಡ್ಕೋರಿ

ಇದು ತಮಾಷಿ ಅಲ್ಲ, ನಿಧಾನಕ್ಕ ಓದ್ರಿ. ಐಸ್ ಮ್ಯಾಲೆ ಹೋಗೋ ಮದ್ಲು ಅವ್ರು ಮಾಡೋ ಮದಲನೇ ಕೆಲಸ ದಪ್ಪ ಅಳಿಯೋದು. ಮಿನ್ನೆಸೋಟ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳೋದು, ಹೊಸಾ ತಿಳಿ ಗಡ್ಡಿ ಕಮ್ಮಿ ಅಂದ್ರ 4 ಇಂಚು ಇದ್ರ ಮನುಷ್ಯಾ ನಡೀಬೋದು, ಸಣ್ಣ ಕಾರಿಗೆ 9ರಿಂದ 10 ಇಂಚು, ಬಿಳಿ ಗಡ್ಡಿ ಆದ್ರ ಅದರ ಎರಡರಷ್ಟು ಬೇಕು, ಅಷ್ಟಿದ್ರೂ ಯಾವ ಐಸೂ ಪೂರ್ತಿ ಸೇಫ್ ಅಲ್ಲ ಅಂತಾನೇ ಹೇಳ್ತಾರ. ಕೈಯಾಗ ಕಬ್ಬಿಣದ ಹಾರಿ ಹಿಡ್ಕೊಂಡು ಮುಂದ ಕುಟ್ಟಿ ಕುಟ್ಟಿ ನೋಡ್ಕೊಂತ ಹೋಗ್ತಾರ, ಕೊಳ್ಳಾಗ ಎರಡು ಮೊಳಿ ಹಿಡಿಕಿ ಹಾಕ್ಕೊಂಡಿರ್ತಾರ, ಒಡದು ಬಿದ್ರ ಗಡ್ಡಿಗೆ ಚುಚ್ಚಿ ಎದ್ದು ಬರೋಕ. ಓದೋಕ ಕೆಲಸಕ್ಕ ಅಂತ ಅಮೆರಿಕಾ ಕೆನಡಾಕ್ಕ ಹೋಗಿರೋ ನಮ್ ಹುಡುಗ್ರು ಫ್ರೆಂಡ್ಸ್ ಕರದ್ರು ಅಂತ ಹೊಂಟ್ರ ಇದನ್ನ ನೆನಪಿಟ್ಕೋರಿ, ಬಿದ್ರ ಬಂದ ದಿಕ್ಕಿಗೇ ತಿರುಗ್ರಿ ಯಾಕಂದ್ರ ಅಲ್ಲಿತನ ಗಡ್ಡಿ ನಿಮ್ಮನ್ನ ತಡದೈತಿ, ಕಾಲು ಬಡದು ಹೊಟ್ಟಿ ಮ್ಯಾಲೆ ಬರ್ರಿ, ಎದ್ದು ನಿಂದರಬ್ಯಾಡ್ರಿ, ಉರುಳ್ಕೊಂತ ಹೋಗ್ರಿ. ಟೆಂಟಿನಾಗ ಹೀಟರ್ ಹಚ್ಚಿ ಪೂರ್ತಿ ಮುಚ್ಕೊಂಡು ಕುಂದರಬ್ಯಾಡ್ರಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಗೊತ್ತೇ ಆಗಂಗಿಲ್ಲ.

ನಮ್ಮಲ್ಲಿ ಐಸ್ ಇಲ್ಲ, ಆದ್ರ ಕೆಸರೈತಿ. ಹಿನ್ನೀರು ಇಳಿದ ಜಾಗ ಮ್ಯಾಲೆ ಬಿಸಿಲಿಗೆ ಒಣಗಿ ಬಿರುಕು ಬಿಟ್ಟು ಗಟ್ಟಿ ನೆಲದಂಗ ಕಾಣ್ತದ, ಕೆಳಗ ಹೂಳು ಹಸೀದೇ ಇರ್ತದ. ನೀರಿನ ಹತ್ರ ಹೋದಂಗ ಆ ಒಣಗಿದ ಪದರ ತೆಳ್ಳಗಾಗ್ತದ, ಒಂದು ಹೆಜ್ಜಿಗೆ ಮೊಣಕಾಲ ತನ ಹೋಗ್ತದ, ಕಾಲು ಎಳಿಯೋಕ ಹೋದ್ರ ಇನ್ನೊಂದೂ ಹೋಗ್ತದ. ಅವ್ರ ಹಾರಿ ಉಪಾಯ ಇಲ್ಲಿಗೆ ಹೇಳಿ ಮಾಡಿಸಿದಂಗೈತಿ. ಒಂದು ಗಟ್ಟಿ ಕೋಲು ಹಿಡ್ಕೊಂಡು ಮುಂದ ಚುಚ್ಚಿ ನೋಡ್ಕೊಂತ ನಡೀರಿ, ಕೋಲು ಸಲೀಸಾಗಿ ಇಳಿದ್ರ ಹಿಂದ ಸರೀರಿ, ದನ ಕುರಿ ಹೆಜ್ಜಿ ಎಲ್ಲಿತನ ಐತಿ ನೋಡ್ರಿ, ಅವು ಹೋಗದ ಕಡೆ ನೀವೂ ಹೋಗಬ್ಯಾಡ್ರಿ. ಸಿಕ್ಕೊಂಡ್ರ ಗಾಬರಿಗೆ ಕಾಲು ನೇರ ಮ್ಯಾಲೆ ಜಗ್ಗಬ್ಯಾಡ್ರಿ, ಹಿಂದಕ್ಕ ಒರಗಿ ಮೈ ಅಗಲ ಮಾಡಿ ಮಲಗಿ ಕಾಲನ್ನ ಅಲುಗಿಸಿ ಅಲುಗಿಸಿ ಸಡಿಲ ಮಾಡಿ ಬಿಡಿಸ್ಕೋರಿ. ಒಬ್ಬರೇ ಹೋಗೋದು ಬ್ಯಾಡವೇ ಬ್ಯಾಡ.

ನಾಲಿ ಇನ್ನೂ ಕೆಟ್ಟದು. ಎಡದಂಡೆ ಬಲದಂಡೆ ಎರಡೂ ಕಡೆ ಕಾಂಕ್ರೀಟ್ ಗ್ವಾಡಿ ಪಾಚಿ ಕಟ್ಟಿ ಜಾರ್ತದ, ನೀರಿನ ಸೆಳವು ಮ್ಯಾಲೆ ಕಾಣಂಗಿಲ್ಲ, ಬಿದ್ದೋನಿಗೆ ಹಿಡಿಯೋಕ ಏನೂ ಸಿಗಂಗಿಲ್ಲ. ನೀರು ಬಿಟ್ಟಾಗ ಅಲ್ಲಿ ಗಾಳ ಹಾಕ್ಲೇಬ್ಯಾಡ್ರಿ, ಅಷ್ಟೇ. ರಾಯಚೂರು ಕಡೆ ಕೃಷ್ಣಾದಾಗ, ಇತ್ತ ತುಂಗಭದ್ರಾದಾಗ್ಲೂ ಮೊಸಳಿ ಅದಾವ, ಚಳಿಗಾಲದಾಗ ಅವೂ ನಿಮ್ಮಂಗೇ ಬಿಸಿಲಿಗೆ ದಂಡಿಗೆ ಬರ್ತಾವ, ಆಪಿನ (ಜೊಂಡು ಹುಲ್ಲಿನ) ಬಾಜೂ ನೀರಾಗ ಕಾಲು ಇಳಿಬಿಟ್ಟು ಕುಂದರೋದು, ಮೀನು ತೊಳಿಯೋದು ಎರಡೂ ಬ್ಯಾಡ. ಚೇಳು ಮೀನು ಬಿದ್ರ ಬರಿಗೈಲೆ ಹಿಡೀಬ್ಯಾಡ್ರಿ, ಎದಿ ಬಾಜೂ ಇರೋ ಮುಳ್ಳು ಚುಚ್ಚಿದ್ರ ತಾಸುಗಟ್ಲೆ ಉರೀತದ, ಟವೆಲ್ ಸುತ್ತಿ ಹಿಡೀರಿ. ಚುಚ್ಚಿದ್ರ ತಡ್ಕೊಳ್ಳುವಷ್ಟು ಬಿಸಿ ನೀರಾಗ ಕೈ ಇಡ್ರಿ, ಆಮ್ಯಾಲೆ ದವಾಖಾನಿಗೆ.

ಕೇಳಿ ಹಾಕ್ರಿ

ಕೆರಿಗಳು ಬಹಳಷ್ಟು ಟೆಂಡರ್‌ದಾಗ ಯಾರ್ದೋ ಕೈಯಾಗ ಇರ್ತಾವ, ಮರಿ ಬಿಟ್ಟಿರೋದು ಅವ್ರ ದುಡ್ಡು. ಕೇಳ್ದಂಗ ಗಾಳ ಹಾಕಿದ್ರ ಜಗಳ ಗ್ಯಾರಂಟಿ, ಕೇಳಿದ್ರ "ಎರಡು ಮೀನು ಒಯ್ಕೊ ಹೋಗೋ ಮಾರಾಯಾ" ಅನ್ನೋರೇ ಜಾಸ್ತಿ. ಹಿನ್ನೀರಿಗೆ ಮೀನುಗಾರಿಕೆ ಇಲಾಖೆ ತಾಲೂಕು ಆಫೀಸಿಗೆ ಹೋಗಿ ಲೈಸೆನ್ಸ್ ವಿಚಾರ ಮಾಡ್ರಿ. ಡ್ಯಾಂನಿಂದ ಕೆಳಗ ಕಂಪ್ಲಿ ತನಕ 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ, ಅಲ್ಲಿಗೆ ಅರಣ್ಯ ಇಲಾಖೆ ಕಾನೂನು, ಆಕಡೆ ಗಾಳ ತಗೊಂಡು ಹೋಗೋ ಯೋಚನಾನೇ ಬಿಡ್ರಿ. ನೀರುನಾಯಿ ನೋಡೋಕ ಬೇಕಾದ್ರ ಹೋಗ್ರಿ, ಗಾಳ ಹಾಕೋರಿಗಿಂತ ಭಾಳ ಚೊಲೋ ಮೀನು ಹಿಡೀತಾವ. ತೋಟಾ (ಸಿಡಿಮದ್ದು), ಕರೆಂಟು, ವಿಷ ಇವನ್ನ ಹಾಕೋರ ಜೊತಿ ಕುಂತು ಚಾ ಕೂಡ ಕುಡೀಬ್ಯಾಡ್ರಿ ಅಂತೀನಿ ನಾ.

ಗೇಣುದ್ದಕ್ಕಿಂತ ಸಣ್ಣ ಗೆಂಡಿ ಬಂದ್ರ ಬಿಟ್ಟುಬಿಡ್ರಿ. ಬಿಡೋ ಮೀನನ್ನ ಮದ್ಲು ಕೈ ಒದ್ದಿ ಮಾಡ್ಕೊಂಡು ಹಿಡೀರಿ, ಒಣ ಕೈಲೆ ಹಿಡದ್ರ ಮೈ ಮ್ಯಾಲಿನ ಲೋಳಿ ಹೋಗಿ ಬೂಸು ಹತ್ತಿ ಸಾಯ್ತದ.

ಮನಿಗೆ ತಂದ ಮ್ಯಾಲೆ

ಚಳಿ ಐತಿ ಕೆಡಂಗಿಲ್ಲ ಅಂತ ಸಂಜಿತನ ಗೋಣಿಚೀಲದಾಗ ಇಟ್ಕೊಂಡು ಓಡಾಡಬ್ಯಾಡ್ರಿ, ನಮ್ ಮಧ್ಯಾಹ್ನದ ಬಿಸಿಲು ಡಿಸೆಂಬರ್‌ದಾಗ್ಲೂ ಮೂವತ್ತರ ಹತ್ರ ಹೋಗ್ತದ. ಅಲ್ಲೇ ಹೊಟ್ಟಿ ಸೀಳಿ ಕರಳು ತಗದು ಕಿವಿರು ಕಿತ್ತು ಐಸ್ ಹಾಕಿದ ಡಬ್ಬಿಗೆ ಹಾಕ್ರಿ, ಊರಾಗ ಕೂಲ್‌ಡ್ರಿಂಕ್ಸ್ ಅಂಗಡಿದಾಗ ಐಸ್ ಸಿಗ್ತದ. ಗೆಂಡಿ ತಳದ ಮೀನು, ಕೆಸರಿನ ವಾಸನಿ ಇದ್ದೇ ಇರ್ತದ, ಅದಕ್ಕ ತುಂಡು ಮಾಡಿದ ಮ್ಯಾಲೆ ಉಪ್ಪು ಅರಿಷಿಣ ತಿಕ್ಕಿ ಹುಣಸಿ ಹುಳಿ ನೀರಾಗ ಕಾಲು ತಾಸು ಬಿಟ್ಟು ತೊಳೀರಿ, ಹುಳಿಗೆ ಆ ವಾಸನಿ ಮುರೀತದ. ಹೊಟ್ಟಿ ಒಳಗಿನ ಕರೀ ಪೊರಿ ಉಗುರಿನಿಂದ ಕೆರದು ತಗೀರಿ, ಕಹಿ ಅದೇ. ಹುಡುಗರಿಗೆ ಬಡಿಸೋವಾಗ ಬಾಲದ ಕಡೆ ತುಂಡು ಕೊಡಬ್ಯಾಡ್ರಿ, ಕೂದಲಂಥಾ ಎಲುಬು ಎಲ್ಲಾ ಅಲ್ಲೇ ಇರ್ತಾವ. ಹೊಟ್ಟಿ ಕಡೇದು ಕೊಡ್ರಿ, ಅದರಾಗ ಎಲುಬು ದೊಡ್ಡವು, ಕೈಗೆ ಸಿಗ್ತಾವ.